ಕೊಂಡಾಪುರದ ರಸ್ತೆಗಳ ಯಜಮಾನಿಕೆ

ಹೈದರಾಬಾದಿನ ಪಶ್ಚಿಮದ ಕೊಂಡಾಪುರದಲ್ಲಿ ರಸ್ತೆ ಒಬ್ಬರ ಕೈಯಲ್ಲಿದ್ದರೆ ಅದರ ಮೇಲಿನ ಸಂಚಾರ ಇನ್ನೊಬ್ಬರ ಕೈಯಲ್ಲಿ ಬೆಳೆದು ಬಂದಿದೆ. ಡಾಂಬರು, ಫುಟ್‌ಪಾತ್, ಬೀದಿದೀಪ, ಮಳೆನೀರಿನ ಚರಂಡಿ ಇವೆಲ್ಲ ಸ್ಥಳೀಯ ಸಂಸ್ಥೆಯ ಬಾಬತ್ತು. ಯಾವ ದಾರಿ ಏಕಮುಖ, ಎಲ್ಲಿ ಬಲಕ್ಕೆ ತಿರುಗಬಾರದು, ಎಲ್ಲಿ ಗಾಡಿ ನಿಲ್ಲಿಸಿದರೆ ದಂಡ ಎಂಬುದು ಪೊಲೀಸರ ಬಾಬತ್ತು. ಜನ ಓಟು ಹಾಕಿ ಕಳಿಸುವ ಸದಸ್ಯರಿಗೆ ಮೊದಲನೆಯದರ ಮೇಲೆ ಸ್ವಲ್ಪ ಹಿಡಿತವಿದೆ, ಎರಡನೆಯದರ ಮೇಲೆ ಎಂದೂ ಇರಲಿಲ್ಲ. ಇದು ಐಟಿ ಕಂಪನಿಗಳ ಕಾಲದಲ್ಲಿ ಹುಟ್ಟಿದ ತೊಡಕಲ್ಲ. ಇದರ ಬೇರು ನಿಜಾಮರ ಆಡಳಿತದಲ್ಲಿದೆ.

ಕೊಂಡಾಪುರದ ಸ್ಥಾನವನ್ನು ಮೊದಲು ಗಮನಿಸಬೇಕು. ಊರಿನ ದಕ್ಷಿಣ ಮತ್ತು ಪಶ್ಚಿಮಕ್ಕೆ ಟೋಲಿಚೌಕಿ, ಗಚ್ಚಿಬೌಲಿ, ಲಿಂಗಂಪಲ್ಲಿಗಳ ಮೂಲಕ ಹೋಗುವ ಹಳೆ ಮುಂಬೈ ಹೆದ್ದಾರಿ ಇದೆ. ಉತ್ತರಕ್ಕೆ ಕೂಕಟ್‌ಪಲ್ಲಿ, ಮಿಯಾಪುರ ದಾಟಿ ಪಟಾನ್‌ಚೆರು, ಜಹೀರಾಬಾದ್ ಕಡೆಗೆ ಹೋಗುವ ಈಗಿನ ರಾಷ್ಟ್ರೀಯ ಹೆದ್ದಾರಿ 65 ಇದೆ. ಬೀದರ್, ಹುಮನಾಬಾದ್, ಬಸವಕಲ್ಯಾಣದವರು ಹೈದರಾಬಾದಿಗೆ ಬಂದಿಳಿಯುವುದು ಈ ದಾರಿಯಲ್ಲೇ. ಎರಡು ಹೆದ್ದಾರಿಗಳ ನಡುವೆ, ಹಫೀಜ್‌ಪೇಟ ಮತ್ತು ಲಿಂಗಂಪಲ್ಲಿಯ ಮೂಲಕ, 1874ರಲ್ಲಿ ತೆರೆದ ವಾಡಿ–ಹೈದರಾಬಾದ್ ರೈಲುಮಾರ್ಗ ಹಾದುಹೋಗುತ್ತದೆ. ಕಲಬುರಗಿ ಜಿಲ್ಲೆಯ ವಾಡಿಯಿಂದ ಹೊರಟ ಈ ಹಳಿಯೇ ಕೊಂಡಾಪುರವನ್ನು ಮಿಯಾಪುರದಿಂದ ಬೇರ್ಪಡಿಸುವ ಗೆರೆ. ಎರಡು ದೊಡ್ಡ ದಾರಿಗಳೂ ಒಂದು ರೈಲುಮಾರ್ಗವೂ ಅಕ್ಕಪಕ್ಕದಲ್ಲೇ ಇದ್ದರೂ ಕೊಂಡಾಪುರಕ್ಕೆ ತನ್ನದೆನ್ನುವ ದೊಡ್ಡ ದಾರಿ ಬಹುಕಾಲ ಇರಲಿಲ್ಲ. ಅಡ್ಡದಾರಿಯ ಊರು ಅದು. ಇಂದು ಕೊತ್ತಗುಡದಿಂದ ಹಫೀಜ್‌ಪೇಟದತ್ತ ಸಾಗುವ ಮುಖ್ಯರಸ್ತೆಯ ಮೇಲೆ ಬೀಳುವ ಒತ್ತಡಕ್ಕೂ ಇದೇ ಕಾರಣ: ಒಂದು ಹೆದ್ದಾರಿಯಿಂದ ಇನ್ನೊಂದಕ್ಕೆ ದಾಟಬೇಕಾದವರೆಲ್ಲ ಇಲ್ಲಿಯೇ ನುಗ್ಗುತ್ತಾರೆ.

ಹೈದರಾಬಾದಿನಲ್ಲಿ ನಗರಾಡಳಿತ ಹುಟ್ಟಿದ್ದೇ ರಸ್ತೆಯ ಹೆಸರಿನಲ್ಲಿ. 1869ರಲ್ಲಿ, ಒಂದನೆಯ ಸಾಲಾರ್ ಜಂಗ್ ದಿವಾನರಾಗಿದ್ದಾಗ, ಪುರಸಭೆ ಮತ್ತು ರಸ್ತೆ ನಿರ್ವಹಣೆಗೆ ಒಂದು ಇಲಾಖೆ ತೆರೆದು ಅದಕ್ಕೆ ಕಮಿಷನರನ್ನು ನೇಮಿಸಿದರು. ನಗರವನ್ನು ನಾಲ್ಕು ಭಾಗವಾಗಿಯೂ ಚಾದರ್‌ಘಾಟ್ ಎಂಬ ಹೊರಭಾಗವನ್ನು ಐದು ಭಾಗವಾಗಿಯೂ ವಿಂಗಡಿಸಿದರು. ಆಗ ಒಟ್ಟು ವಿಸ್ತೀರ್ಣ ಸುಮಾರು 55 ಚದರ ಕಿ.ಮೀ., ಜನಸಂಖ್ಯೆ ಮೂರೂವರೆ ಲಕ್ಷ. ಆ ವ್ಯವಸ್ಥೆಯಲ್ಲಿ ಚುನಾಯಿತ ಸಭೆ ಇರಲಿಲ್ಲ. ದಿವಾನರು ನೇಮಿಸಿದ ಅಧಿಕಾರಿ ರಸ್ತೆ ಮಾಡಿಸುತ್ತಿದ್ದ, ಗುಡಿಸುತ್ತಿದ್ದ, ದೀಪ ಹಚ್ಚಿಸುತ್ತಿದ್ದ. ಜನಪ್ರತಿನಿಧಿಗಳು ಬರುವ ಹೊತ್ತಿಗೆ ಕಮಿಷನರ ಕುರ್ಚಿಗೆ ಆರು ದಶಕದ ವಯಸ್ಸಾಗಿತ್ತು. ಆಮೇಲಿನ ಯಾವ ಕಾಯ್ದೆಯೂ ಆ ಕುರ್ಚಿಯನ್ನು ಅಲುಗಿಸಲಿಲ್ಲ.

1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹ ನಗರವನ್ನು ಕೊಚ್ಚಿದ ಮೇಲೆ ಎಂಜಿನಿಯರರ ಕಾಲ ಬಂತು. ಮರುವರ್ಷ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು ಸಲಹೆಗಾರ ಎಂಜಿನಿಯರರಾಗಿ ಹೈದರಾಬಾದಿಗೆ ಬಂದರು. ಪ್ರವಾಹ ತಡೆಗೂ ಒಳಚರಂಡಿಗೂ ಯೋಜನೆ ಮಾಡಿಕೊಟ್ಟರು. 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಚಾರ್‌ಮಿನಾರಿನ ಉತ್ತರಕ್ಕೆ ಪತ್ತರ್‌ಗಟ್ಟಿಯ ಕಲ್ಲಿನ ಅಂಗಡಿಸಾಲನ್ನೂ ಅದರ ನಡುವಿನ ಅಗಲ ರಸ್ತೆಯನ್ನೂ ಮಾಡಿದ್ದು ಇದೇ ಮಂಡಳಿ. ಆದರೆ ಪುರಸಭೆಯ ಪಕ್ಕದಲ್ಲಿ ಇನ್ನೊಂದು ಸಂಸ್ಥೆ ನಿಂತು ದೊಡ್ಡ ರಸ್ತೆ ಮಾಡುವುದು, ಮಾಡಿದ್ದನ್ನು ಕಾಯುವ ಕೆಲಸ ಮಾತ್ರ ಪುರಸಭೆಯ ಪಾಲಿಗೆ ಬೀಳುವುದು ಎಂಬ ಮಾದರಿಯೂ ಅಲ್ಲಿಂದಲೇ ಶುರುವಾಯಿತು. ಸುಧಾರಣಾ ಮಂಡಳಿಯ ಜಾಗಕ್ಕೆ ಮುಂದೆ ಬೇರೆ ಬೇರೆ ಹೆಸರಿನ ಪ್ರಾಧಿಕಾರಗಳು ಬಂದವು, ಮಾದರಿ ಬದಲಾಗಲಿಲ್ಲ.

1933ರಲ್ಲಿ ಚಾದರ್‌ಘಾಟ್ ಪುರಸಭೆಯನ್ನು ಹೈದರಾಬಾದಿನೊಂದಿಗೆ ಸೇರಿಸಿ ಕಾರ್ಪೊರೇಷನ್ ಮಾಡಿದರು. 1934ರಲ್ಲಿ ಮೊದಲ ಚುನಾವಣೆ ನಡೆಯಿತು. ಈ ಗೌರವ ಹೆಚ್ಚು ದಿನ ಬಾಳಲಿಲ್ಲ. 1942ರಲ್ಲಿ ಕಾರ್ಪೊರೇಷನ್ ಸ್ಥಾನಮಾನ ಹೋಯಿತು, 1950ರಲ್ಲಿ ಮತ್ತೆ ಬಂತು. 1955ರ ಹೈದರಾಬಾದ್ ಮುನ್ಸಿಪಲ್ ಕಾರ್ಪೊರೇಷನ್ ಕಾಯ್ದೆ ಇವತ್ತಿಗೂ ಮೂಲ ಕಾನೂನು. 1960ರ ಆಗಸ್ಟ್ 3ರಂದು ಸಿಕಂದರಾಬಾದ್ ಕಾರ್ಪೊರೇಷನ್ ಇದರಲ್ಲಿ ವಿಲೀನವಾಯಿತು.

ಸಂಚಾರದ ಕಥೆ ಬೇರೆ ದಾರಿ ಹಿಡಿಯಿತು. ನಗರದ ಶಾಂತಿಪಾಲನೆ ಪೊಲೀಸ್ ಮುಖ್ಯಸ್ಥರಾದ ಕೊತ್ವಾಲರದಾಗಿತ್ತು. 1920ರಿಂದ 1934ರವರೆಗೆ ಆ ಹುದ್ದೆಯಲ್ಲಿದ್ದ ರಾಜಾ ಬಹದ್ದೂರ್ ವೆಂಕಟರಾಮ ರೆಡ್ಡಿಯವರ ಹೆಸರು ಹೈದರಾಬಾದಿನಲ್ಲಿ ಈಗಲೂ ಚಾಲ್ತಿಯಲ್ಲಿದೆ. ಮೋಟಾರು ಬಂದಾಗ ಅದನ್ನು ನಿಯಂತ್ರಿಸುವ ಕೆಲಸ ಸಹಜವಾಗಿ ಪೊಲೀಸರಿಗೇ ಹೋಯಿತು. 1932ರಲ್ಲಿ ನಿಜಾಮರ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ಬಸ್ಸುಗಳೊಂದಿಗೆ ಆರಂಭವಾದಾಗ ಅದೂ ಪುರಸಭೆಯ ಹೊರಗೇ ಉಳಿಯಿತು. ಫಸಲಿ 1348ರ, ಎಂದರೆ 1939ರ ಸುಮಾರಿನ, ಹೈದರಾಬಾದ್ ನಗರ ಪೊಲೀಸ್ ಕಾಯ್ದೆ ಬೀದಿಯ ಸಂಚಾರಕ್ಕೆ ನಿಯಮ ಮಾಡುವ ಅಧಿಕಾರವನ್ನು ಪೊಲೀಸ್ ಮುಖ್ಯಸ್ಥರಿಗೆ ಕೊಟ್ಟಿತು. ಹೀಗೆ ಬಸ್ಸು ರೈಲ್ವೆಯ ಕೈಗೆ, ತಿರುವು ಪೊಲೀಸರ ಕೈಗೆ, ಗುಂಡಿ ಪುರಸಭೆಯ ಕೈಗೆ ಬಂದವು.

ಇದಿಷ್ಟೂ ನಡೆಯುವಾಗ ಕೊಂಡಾಪುರ ಈ ಯಾವ ಸಂಸ್ಥೆಯ ವ್ಯಾಪ್ತಿಯಲ್ಲೂ ಇರಲಿಲ್ಲ. ನಗರವನ್ನು ಸುತ್ತುವರಿದಿದ್ದ ಅತ್ರಾಫ್-ಎ-ಬಲ್ದಾ ಜಿಲ್ಲೆಯ ಹಳ್ಳಿಗಳು ಬಹುಪಾಲು ನಿಜಾಮರ ಸ್ವಂತ ಆಸ್ತಿಯಾದ ಸರ್ಫ್-ಎ-ಖಾಸ್‌ಗೂ ಪಾಯಿಗಾ ಸರದಾರರ ಎಸ್ಟೇಟುಗಳಿಗೂ ಜಾಗೀರುಗಳಿಗೂ ಸೇರಿದ್ದವು. ಇಂಥ ಹಳ್ಳಿಗಳಲ್ಲಿ ದಾರಿ ಎಂದರೆ ಬಂಡಿದಾರಿ ಮತ್ತು ಕಾಲುದಾರಿ. ಗ್ರಾನೈಟ್ ಬಂಡೆಯ ನೆಲ, ನಡುವೆ ಕುಂಟೆ, ಕೆರೆ. ಬಂಡಿ ಬಂಡೆಯನ್ನು ಬಳಸಿ, ಕೆರೆ ಏರಿಯ ಮೇಲೆ ಹತ್ತಿ ಹೋಗುತ್ತಿತ್ತು. ಮಳೆಗಾಲ ಮುಗಿದ ಮೇಲೆ ಕೊರಕಲು ಬಿದ್ದ ಕಡೆ ಮುರುಂ ಸುರಿಯುವುದೇ ದುರಸ್ತಿ. ಲೆಕ್ಕ ಬರೆಯುವವನು ಪಟವಾರಿ, ಆಳು ಹೊಂದಿಸುವವನು ಪಟೇಲ. ಬೀದರ್, ಕಲಬುರಗಿ, ರಾಯಚೂರಿನ ಹಳ್ಳಿಗಳಲ್ಲೂ ಇದೇ ಪದ್ಧತಿ ಇತ್ತು. 1956ರ ತನಕ ಇವೆಲ್ಲ ಒಂದೇ ರಾಜ್ಯದ ಊರುಗಳು.

1949ರಲ್ಲಿ ಸರ್ಫ್-ಎ-ಖಾಸ್ ಸರ್ಕಾರದಲ್ಲಿ ವಿಲೀನವಾಯಿತು, ಅದೇ ವರ್ಷ ಜಾಗೀರುಗಳು ರದ್ದಾದವು. ಗ್ರಾಮ ಪಂಚಾಯಿತಿಗಳಿಗೆ 1956ರ ಹೈದರಾಬಾದ್ ಕಾಯ್ದೆಯೂ ನಂತರ 1964ರ ಆಂಧ್ರಪ್ರದೇಶ ಕಾಯ್ದೆಯೂ ರೂಪ ಕೊಟ್ಟವು. ಊರೊಳಗಿನ ರಸ್ತೆಯ ಮೇಲೆ ಹಳ್ಳಿಯವರೇ ಆರಿಸಿದ ಸಭೆಗೆ ಹಕ್ಕು ಬಂದದ್ದು ಆಗಲೇ. ಹಕ್ಕು ಬಂತು, ಹಣ ಬರಲಿಲ್ಲ. ದೊಡ್ಡ ದಾರಿಗಳು ರಸ್ತೆ ಮತ್ತು ಕಟ್ಟಡಗಳ ಇಲಾಖೆಗೆ ಸೇರಿದ್ದವು. ಪಂಚಾಯಿತಿಗೆ ಉಳಿದದ್ದು ಕಚ್ಚಾ ರಸ್ತೆ. ಸುತ್ತಮುತ್ತ ಮಾತ್ರ ನೆಲ ಕದಲತೊಡಗಿತ್ತು. 1960ರ ದಶಕದಲ್ಲಿ ರಾಮಚಂದ್ರಾಪುರದಲ್ಲಿ ಬಿಎಚ್‌ಇಎಲ್ ಕಾರ್ಖಾನೆ ಎದ್ದಿತು. 1974ರಲ್ಲಿ ಗಚ್ಚಿಬೌಲಿಯ ಬಂಡೆಗಾಡಿನಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 1975ರಲ್ಲಿ ನಗರಾಭಿವೃದ್ಧಿ ಕಾಯ್ದೆಯಡಿ ಹುಡಾ ಎಂಬ ಪ್ರಾಧಿಕಾರ ಹುಟ್ಟಿತು. 1978ರ ಆಗಸ್ಟ್ 15ರಂದು ರಂಗಾರೆಡ್ಡಿ ಜಿಲ್ಲೆ ರಚನೆಯಾಗಿ ಕೊಂಡಾಪುರ ಅದರೊಳಗೆ ಬಂತು. ಮುಂದೆ ಶೇರಿಲಿಂಗಂಪಲ್ಲಿ ಮಂಡಲವಾಯಿತು, ನಂತರ ಪುರಸಭೆಯಾಯಿತು.

ಹಳ್ಳಿ ಪುರಸಭೆಯಾಗುವ ಹೊತ್ತಿಗೆ ರಸ್ತೆಯ ಗ್ರಹಚಾರ ಅರ್ಧ ನಿಶ್ಚಯವಾಗಿರುತ್ತದೆ. ಹೈದರಾಬಾದಿನ ಅಂಚಿನಲ್ಲಿ ಪಂಚಾಯಿತಿ ಲೇಔಟ್ ಎಂಬ ಮಾತು ಜನರ ಬಾಯಲ್ಲಿ ರೂಢಿಯಾಗಿಬಿಟ್ಟಿದೆ. ಹೊಲದ ಯಜಮಾನ ಹೊಲವನ್ನು ಸೈಟುಗಳಾಗಿ ಹರಿದು, ನಡುವೆ ಇಪ್ಪತ್ತು ಮೂವತ್ತು ಅಡಿಯ ದಾರಿ ಬಿಟ್ಟು, ಹುಡಾ ಮುಖ ನೋಡದೆ ಪಂಚಾಯಿತಿಯ ಮುದ್ರೆಯಲ್ಲಿ ಮಾರುತ್ತಿದ್ದ. ಪಕ್ಕದ ಹೊಲದವನ ಲೇಔಟಿನ ದಾರಿ ಇದರ ದಾರಿಗೆ ಎದುರಾಗುತ್ತಿರಲಿಲ್ಲ. ಹತ್ತಡಿ ಆಚೆಗೋ ಈಚೆಗೋ ಬಂದು ಮುಟ್ಟುತ್ತಿತ್ತು. ಮಂಜೂರಾದ ಲೇಔಟಿನಲ್ಲಾದರೆ ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ಬರೆದುಕೊಡಬೇಕು, ಆಗಲೇ ಅವು ಸಾರ್ವಜನಿಕ ರಸ್ತೆ. ಮಂಜೂರಾಗದ ಕಡೆ ರಸ್ತೆ ಇತ್ತು, ಅದಕ್ಕೆ ವಾರಸುದಾರರು ಇರಲಿಲ್ಲ. 2007ರ ಕೊನೆಯಲ್ಲಿ ಸರ್ಕಾರ ತಂದ ಲೇಔಟ್ ಸಕ್ರಮ ಯೋಜನೆ ಶುಲ್ಕ ಕಟ್ಟಿಸಿಕೊಂಡು ಇಂಥ ಸೈಟುಗಳನ್ನು ಒಪ್ಪಿಕೊಂಡಿತು. ಸೈಟಿನ ಕಾಗದ ಸರಿಯಾಯಿತು. ರಸ್ತೆಯ ಅಗಲ ಹಾಗೆಯೇ ಉಳಿಯಿತು. ಕೊಂಡಾಪುರದ ಒಳಬೀದಿಗಳಲ್ಲಿ ಎರಡು ಕಾರು ಎದುರಾದರೆ ಒಂದು ಹಿಂದೆ ಸರಿಯಬೇಕಾಗುವುದು ಯಾವ ಎಂಜಿನಿಯರನ ತಪ್ಪೂ ಅಲ್ಲ, ಹೊಲದ ಬದುವಿನ ಲೆಕ್ಕ ಅದು.

1998ರ ನವೆಂಬರ್ 22ರಂದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಮಾದಾಪುರದಲ್ಲಿ ಸೈಬರ್ ಟವರ್ಸ್ ಎಂಬ ಐಟಿ ಕಟ್ಟಡವನ್ನು ಉದ್ಘಾಟಿಸಿದರು. ಆ ದಿನದಿಂದ ಕೊಂಡಾಪುರದ ಲೆಕ್ಕವೇ ಬೇರೆಯಾಯಿತು. 2001ರಲ್ಲಿ ಸೈಬರಾಬಾದ್ ಅಭಿವೃದ್ಧಿ ಪ್ರಾಧಿಕಾರ ರಚನೆಯಾಗಿ, ಮಾದಾಪುರ, ಕೊಂಡಾಪುರ, ಗಚ್ಚಿಬೌಲಿ ಒಳಗೊಂಡ ಸುಮಾರು 52 ಚದರ ಕಿ.ಮೀ. ಪ್ರದೇಶಕ್ಕೆ ಪ್ರತ್ಯೇಕ ಮಾಸ್ಟರ್ ಪ್ಲಾನ್ ಮಾಡಿತು. ಐಟಿ ಕಂಪನಿಗಳು ಕೂತ ಬಡಾವಣೆಯಲ್ಲಿ ಕೈಗಾರಿಕಾ ಮೂಲಸೌಕರ್ಯ ನಿಗಮವೇ ಸ್ಥಳೀಯ ಸಂಸ್ಥೆಯ ಅಧಿಕಾರ ಚಲಾಯಿಸಿ ಆಸ್ತಿ ತೆರಿಗೆ ಎತ್ತುತ್ತಿತ್ತು. ಅದರಲ್ಲಿ ಒಂದು ಪಾಲಷ್ಟೇ ಪುರಸಭೆಗೆ ಬರುತ್ತಿತ್ತು. ಅತ್ತ ಅಗಲವಾದ ರಸ್ತೆ, ನಡುವೆ ಹೂಗಿಡ, ಎರಡೂ ಬದಿಗೆ ಫುಟ್‌ಪಾತ್. ಇತ್ತ ಶೇರಿಲಿಂಗಂಪಲ್ಲಿ ಪುರಸಭೆ, ಅದರ ಕೈಯಲ್ಲಿ ಅದೇ ಕಂಪನಿಗಳ ನೌಕರರು ಮನೆ ಮಾಡಿದ ಬೀದಿಗಳು. ಬೆಳಿಗ್ಗೆ ಒಂಬತ್ತಕ್ಕೆ ಅತ್ತ ಹೋಗುವ, ಸಂಜೆ ಇತ್ತ ಬರುವ ವಾಹನವೆಲ್ಲ ಪುರಸಭೆಯ ರಸ್ತೆಯ ಮೇಲೇ ಬರಬೇಕು. ತೆರಿಗೆಯ ಹಣ ಎಲ್ಲಿ ಹುಟ್ಟಿತೋ ಆ ಕಡೆ ಸವೆತ ಇಲ್ಲ, ಸವೆತ ಇದ್ದ ಕಡೆ ಹಣ ಇಲ್ಲ.

ಪೊಲೀಸ್ ವ್ಯವಸ್ಥೆಯೂ ಇದೇ ವೇಗದಲ್ಲಿ ಮರುಹುಟ್ಟು ಪಡೆಯಿತು. 2003ರ ಹೊತ್ತಿಗೆ ಸೈಬರಾಬಾದ್ ಪೊಲೀಸ್ ಕಮಿಷನರೇಟ್ ಕೆಲಸ ಆರಂಭಿಸಿತು. 2004ರ ಸೈಬರಾಬಾದ್ ಮಹಾನಗರ ಪ್ರದೇಶ ಪೊಲೀಸ್ ಕಾಯ್ದೆ, ಹಳೆ ಕೊತ್ವಾಲಿ ನಗರದ ಕಮಿಷನರಿಗೆ ಇದ್ದಂಥ ಅಧಿಕಾರಗಳನ್ನು ಇಲ್ಲಿಗೂ ತಂದಿತು. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಹತ್ತು ವರ್ಷವಾಗಿತ್ತು. ಅದು ಸೇರಿಸಿದ ಹನ್ನೆರಡನೇ ಅನುಸೂಚಿಯ 18 ವಿಷಯಗಳಲ್ಲಿ ರಸ್ತೆ ಮತ್ತು ಸೇತುವೆ ಇದೆ. ಬೀದಿದೀಪ, ಪಾರ್ಕಿಂಗ್ ಜಾಗ, ಬಸ್ ತಂಗುದಾಣ ಇವೆ. ಸಂಚಾರ ನಿಯಂತ್ರಣ ಇಲ್ಲ. ಪೊಲೀಸ್ ಎಂಬುದು ರಾಜ್ಯಪಟ್ಟಿಯ ವಿಷಯ. ಹಾಗಾಗಿ ಸದಸ್ಯರೊಬ್ಬರು ಬಸ್ ತಂಗುದಾಣ ಎಲ್ಲಿರಬೇಕೆಂದು ಸಭೆಯಲ್ಲಿ ಕೇಳಬಹುದು, ಬಸ್ಸು ಅಲ್ಲಿಯೇ ನಿಲ್ಲುವಂತೆ ಮಾಡುವ ಅಧಿಕಾರ ಮಾತ್ರ ಅವರಿಗಿಲ್ಲ.

ಈ ಕಂದಕವನ್ನು ಕಂಪನಿಗಳು ತಮ್ಮದೇ ರೀತಿಯಲ್ಲಿ ದಾಟಿಕೊಂಡವು. 2006ರಲ್ಲಿ ಪೊಲೀಸರೂ ಐಟಿ ಸಂಸ್ಥೆಗಳೂ ಕೂಡಿ ಸೊಸೈಟಿ ಫಾರ್ ಸೈಬರಾಬಾದ್ ಸೆಕ್ಯೂರಿಟಿ ಕೌನ್ಸಿಲ್ ಎಂಬ ಸಂಸ್ಥೆ ಕಟ್ಟಿದರು. ಹೆಸರಿನಲ್ಲಿ ಕೌನ್ಸಿಲ್ ಇದ್ದರೂ ಅದು ಚುನಾಯಿತ ಸಭೆಯಲ್ಲ. ಅದರ ಟ್ರಾಫಿಕ್ ಮಾರ್ಷಲ್‌ಗಳು ಜಂಕ್ಷನ್ನುಗಳಲ್ಲಿ ಪೊಲೀಸರ ಜೊತೆ ನಿಂತು ವಾಹನ ಬಿಡುವುದು ಸೈಬರಾಬಾದಿನಲ್ಲಿ ಮಾಮೂಲಿ ನೋಟವಾಯಿತು. ಕಂಪನಿಗಳ ಸಮಯ ಹೊಂದಿಸುವುದು, ಸಾಮೂಹಿಕ ಬಸ್ಸು ಓಡಿಸುವುದು ಮುಂತಾದ ಮಾತುಕತೆಗೂ ಇದೇ ವೇದಿಕೆ. ಉಪಯೋಗಕ್ಕೆ ಬಂದ ಏರ್ಪಾಡು ಎಂಬುದರಲ್ಲಿ ಅನುಮಾನವಿಲ್ಲ. ಸಂಚಾರದ ಬಗ್ಗೆ ಮಾತಾಡುವ ಜಾಗ ಕಂಪನಿಗಳಿಗೆ ಸಿಕ್ಕಿತು, ವಾರ್ಡಿನ ನಿವಾಸಿಗೆ ಸಿಗಲಿಲ್ಲ ಎಂಬುದೂ ಅಷ್ಟೇ ನಿಜ.

2007ರ ಏಪ್ರಿಲ್ 16ರಂದು ಹೈದರಾಬಾದ್ ಕಾರ್ಪೊರೇಷನ್ನಿಗೆ ಶೇರಿಲಿಂಗಂಪಲ್ಲಿ, ಕೂಕಟ್‌ಪಲ್ಲಿ, ಕುತ್ಬುಲ್ಲಾಪುರ, ರಾಜೇಂದ್ರನಗರ ಸೇರಿ 12 ಪುರಸಭೆಗಳನ್ನೂ ಎಂಟು ಗ್ರಾಮ ಪಂಚಾಯಿತಿಗಳನ್ನೂ ಸೇರಿಸಿ ಗ್ರೇಟರ್ ಹೈದರಾಬಾದ್ ಮುನ್ಸಿಪಲ್ ಕಾರ್ಪೊರೇಷನ್ ಮಾಡಲಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಸೇರಿ ಬಿಬಿಎಂಪಿ ಆಯಿತು. ಅಲ್ಲಿನ ಮಹದೇವಪುರದ ಹಳ್ಳಿಗಳಿಗೂ ಕೊಂಡಾಪುರಕ್ಕೂ ಒಂದೇ ವರ್ಷ ಒಂದೇ ಹಣೆಬರಹ. ಸೈಬರಾಬಾದ್ ಪ್ರಾಧಿಕಾರವೂ ಮರುವರ್ಷ, 2008ರಲ್ಲಿ, ಹುಡಾದ ಜೊತೆ ಎಚ್‌ಎಂಡಿಎ ಎಂಬ ಹೊಸ ಮಹಾನಗರ ಪ್ರಾಧಿಕಾರದಲ್ಲಿ ಕರಗಿತು.

ವಿಲೀನದ ಮೊದಲ ಫಲ ಕೊಂಡಾಪುರಕ್ಕೆ ಪ್ರತಿನಿಧಿಯಿಲ್ಲದ ಕಾಲ. ಪುರಸಭೆ ಇಲ್ಲವಾಯಿತು, ಹೊಸ ಕಾರ್ಪೊರೇಷನ್ನಿನ ಚುನಾವಣೆ ನಡೆದದ್ದು 2009ರ ನವೆಂಬರಿನಲ್ಲಿ. ನಡುವಿನ ಎರಡೂವರೆ ವರ್ಷ ವಿಶೇಷಾಧಿಕಾರಿಯ ಆಡಳಿತ. ಈ ಚುನಾವಣೆಯ 150 ವಾರ್ಡುಗಳಿಂದ ಬಂದ ಸಭೆ ಬಂಡಾ ಕಾರ್ತಿಕಾ ರೆಡ್ಡಿಯವರನ್ನು ಮೇಯರ್ ಮಾಡಿತು. 2014ರ ಡಿಸೆಂಬರಿನಲ್ಲಿ ಅವಧಿ ಮುಗಿದು ಮತ್ತೆ 2016ರ ಫೆಬ್ರವರಿಯವರೆಗೆ ಸಭೆ ಇಲ್ಲ. 2016ರ ಚುನಾವಣೆಯಲ್ಲಿ ಕೊಂಡಾಪುರ 104ನೇ ವಾರ್ಡ್ ಆಗಿತ್ತು. ಆಡಳಿತಕ್ಕೆ ಶೇರಿಲಿಂಗಂಪಲ್ಲಿ ಸರ್ಕಲ್ ಇತ್ತು.

ಕಾಯ್ದೆಯ ಪ್ರಕಾರ ಕಾರ್ಪೊರೇಷನ್ನಿಗೆ ಮೂರು ಅಂಗ: ಸದಸ್ಯರ ಸಭೆ, ಸ್ಥಾಯಿ ಸಮಿತಿ, ಕಮಿಷನರ್. ಸಾರ್ವಜನಿಕ ಬೀದಿಗಳು ಕಾರ್ಪೊರೇಷನ್ನಿನ ಸ್ವತ್ತು, ಅವನ್ನು ಸುಸ್ಥಿತಿಯಲ್ಲಿಡುವುದು ಅದರ ಕರ್ತವ್ಯ. ಆದರೆ ಕಾರ್ಯಾಂಗದ ಅಧಿಕಾರ ಕಮಿಷನರ್ ಬಳಿ ಇದೆ. ಅವರನ್ನು ನೇಮಿಸುವುದು ರಾಜ್ಯ ಸರ್ಕಾರ. ಶಾಸಕರು, ಸಂಸದರು ಪದನಿಮಿತ್ತ ಸದಸ್ಯರಾಗಿ ಸಭೆಯಲ್ಲಿ ಕೂರುತ್ತಾರೆ. ಕಾರ್ಪೊರೇಟರಿಗೆ ಉಳಿಯುವ ದಾರಿ ಮೂರು: ಕೆಲಸ ಬೇಕೆಂದು ಪತ್ರ ಕೊಡುವುದು, ಸಭೆಯಲ್ಲಿ ಪ್ರಶ್ನೆ ಎತ್ತುವುದು, ಕೆಲಸ ನಡೆಯುವ ಜಾಗದಲ್ಲಿ ಹೋಗಿ ನಿಲ್ಲುವುದು. ಅನುಭವಸ್ಥರು ನೆಚ್ಚಿಕೊಳ್ಳುವುದು ಮೂರನೆಯದನ್ನು.

ಒಂದು ಬೀದಿಗೆ ರಸ್ತೆ ಆಗುವ ಕ್ರಮ ಹೀಗಿರುತ್ತದೆ. ವಾರ್ಡಿನ ಸಹಾಯಕ ಎಂಜಿನಿಯರ್ (ಎ.ಇ.) ಟೇಪು ಹಿಡಿದು ಉದ್ದಗಲ ಅಳೆದು ಎಸ್ಟಿಮೇಟ್ ಬರೆಯುತ್ತಾರೆ. ಅದು ಮೇಲಿನ ಎಂಜಿನಿಯರರಾದ ಡಿಇಇ, ಇಇ ಮೇಜು ದಾಟಿ, ಮೊತ್ತ ದೊಡ್ಡದಾದಷ್ಟೂ ಮೇಲಕ್ಕೆ ಹತ್ತುತ್ತದೆ. ಮಂಜೂರಾತಿ, ಟೆಂಡರು, ಕರಾರು. ಗುತ್ತಿಗೆದಾರ ಅಗೆದು, ಜಲ್ಲಿ ಹಾಕಿ, ರೋಲರ್ ಹೊಡೆದು, ಬೀದಿ ಚಿಕ್ಕದಾದರೆ ಸಿಮೆಂಟ್ ಕಾಂಕ್ರೀಟ್ (ಸಿಸಿ), ದೊಡ್ಡದಾದರೆ ಡಾಂಬರು (ಬಿಟಿ) ಹಾಕುತ್ತಾನೆ. ಎಷ್ಟು ದಪ್ಪ ಹಾಕಿದ ಎಂಬುದು ಎಂ.ಬಿ. ಎಂಬ ಅಳತೆ ಪುಸ್ತಕದಲ್ಲಿ ದಾಖಲಾಗಬೇಕು, ಗುಣಮಟ್ಟ ವಿಭಾಗ ಕೊರೆದು ನೋಡಬೇಕು, ಆಮೇಲೆ ಬಿಲ್ಲು. ಇಡೀ ಸರಪಳಿಯಲ್ಲಿ ಸದಸ್ಯರ ಸಹಿ ಕೇಳುವ ಕೊಂಡಿ ಇಲ್ಲ. ಅವರ ಕಣ್ಣು ಬೀಳಬಹುದಾದ ಗಳಿಗೆ ಒಂದೇ, ಬಿಸಿ ಡಾಂಬರು ಮಿಶ್ರಣ ಲಾರಿಯಿಂದ ಇಳಿಯುವ ಗಳಿಗೆ. ಮಿಶ್ರಣ ಆರಿದ್ದರೆ ರೋಲರ್ ಎಷ್ಟು ಓಡಿದರೂ ಕಚ್ಚುವುದಿಲ್ಲ, ಮುಂದಿನ ಮಳೆಗೇ ಜಲ್ಲಿ ಎದ್ದು ಬರುತ್ತದೆ. ಗುಂಡಿ ಮುಚ್ಚುವಾಗಲೂ ಅಷ್ಟೆ. ನಿಯಮದಂತೆ ಗುಂಡಿಯ ಅಂಚನ್ನು ಚೌಕವಾಗಿ ಕಡಿದು, ಧೂಳು ತೆಗೆದು, ತೆಳುವಾಗಿ ಡಾಂಬರು ಸವರಿ, ಮಿಶ್ರಣ ತುಂಬಿ, ಗಟ್ಟಿ ಮಾಡಬೇಕು. ಸಾಮಾನ್ಯವಾಗಿ ಕಾಣುವುದು ನೀರು ನಿಂತ ಗುಂಡಿಗೆ ಸಲಿಕೆಯಿಂದ ಸುರಿದ ಮಿಶ್ರಣ. ಅದನ್ನು ಒತ್ತುವ ಕೆಲಸ ಹಿಂದಿನಿಂದ ಬರುವ ಬಸ್ಸಿನದು.

ಹೊಸ ರಸ್ತೆಯ ಆಯುಷ್ಯ ಕಡಿಮೆ ಮಾಡುವುದರಲ್ಲಿ ಮಳೆಗಿಂತ ಅಗೆತದ ಪಾಲು ಹೆಚ್ಚು. ನೀರು ಮತ್ತು ಒಳಚರಂಡಿ 1989ರಲ್ಲಿ ರಚನೆಯಾದ ಜಲಮಂಡಳಿಯದು, ವಿದ್ಯುತ್ ತಂತಿ ವಿತರಣಾ ಕಂಪನಿಯದು, ಇಂಟರ್‌ನೆಟ್ ಕೇಬಲ್ಲು ಖಾಸಗಿಯವರದು. ಕೊಂಡಾಪುರದಲ್ಲಿ ಹಳ್ಳಿಯ ಮನೆ ಕೆಡವಿ ಐದಂತಸ್ತಿನ ಅಪಾರ್ಟ್‌ಮೆಂಟೋ ಹಾಸ್ಟೆಲ್ಲೋ ಎದ್ದಾಗಲೆಲ್ಲ ಹೊಸ ಸಂಪರ್ಕ ಬೇಕು, ಹೊಸ ಸಂಪರ್ಕಕ್ಕೆ ರಸ್ತೆ ಸೀಳಬೇಕು. ಅಗೆಯಲು ಕಾರ್ಪೊರೇಷನ್ನಿನ ಅನುಮತಿಯೂ ಮರುದುರಸ್ತಿಯ ಶುಲ್ಕವೂ ಕಡ್ಡಾಯ. ಮಳೆಗಾಲದಲ್ಲಿ ಅಗೆತಕ್ಕೆ ತಡೆ. ಸೀಳಿದ ಕಾಲುವೆಯನ್ನು ಅದೇ ಮಣ್ಣಿನಿಂದ ಮುಚ್ಚಿ ಬಿಟ್ಟರೆ ಎರಡು ಮಳೆಯಲ್ಲಿ ಕುಸಿದು ರಸ್ತೆಗೆ ಅಡ್ಡ ಗೀರು ಬೀಳುತ್ತದೆ. ಆ ಗೀರಿಗೆ ಜನ ಬೈಯುವುದು ಕಾರ್ಪೊರೇಟರನ್ನು, ಅಗೆದ ಸಂಸ್ಥೆ ಅವರ ಮಾತಿಗೆ ಬಗ್ಗುವುದಿಲ್ಲ.

ಸಿಗ್ನಲ್ ದೀಪಗಳಲ್ಲೂ ಇದೇ ಹಂಚಿಕೆ. ಹಿಂದಿನ ದಶಕದಲ್ಲಿ ಎಚ್-ಟ್ರಿಮ್ಸ್ ಯೋಜನೆಯಡಿ ಇನ್ನೂರಕ್ಕೂ ಹೆಚ್ಚು ಜಂಕ್ಷನ್ನುಗಳಿಗೆ ಬೆಂಗಳೂರಿನ ಬಿಇಎಲ್ ಸಂಸ್ಥೆ ಸಿಗ್ನಲ್ ಹಾಕಿತು. ಹಣ ಕಾರ್ಪೊರೇಷನ್ನಿನದು, ಚಾಲನೆ ಪೊಲೀಸರದು. ಡಿವೈಡರಿನ ಸಂದು ಮುಚ್ಚಿ ಬಲತಿರುವು ನಿಲ್ಲಿಸಬೇಕೆಂದು ತೀರ್ಮಾನಿಸುವುದು ಟ್ರಾಫಿಕ್ ಪೊಲೀಸರು. ಮೊದಲು ಬ್ಯಾರಿಕೇಡ್ ಇಟ್ಟು ನೋಡುತ್ತಾರೆ, ಸರಿ ಎನಿಸಿದರೆ ಎಂಜಿನಿಯರಿಂಗ್ ವಿಭಾಗ ಅಲ್ಲಿ ಕಲ್ಲು ಕಟ್ಟುತ್ತದೆ. ಎದುರು ಬದಿಯ ಅಂಗಡಿಗೆ ಹೋಗಬೇಕಾದವರು ದೂರದ ಯೂ-ಟರ್ನ್ ಹುಡುಕಿಕೊಂಡು ಸುತ್ತುತ್ತಾರೆ. ಇಂಥ ತೀರ್ಮಾನಕ್ಕೆ ವಾರ್ಡಿನ ಸಭೆ ಕರೆದು ಕೇಳುವ ಕಟ್ಟುಪಾಡು ಯಾವ ಕಾಯ್ದೆಯಲ್ಲೂ ಇಲ್ಲ. ಅತ್ತ ಪೊಲೀಸರದೂ ಒಂದು ಅಳಲಿದೆ: ಗುಂಡಿಯಿಂದ ವಾಹನ ನಿಂತರೆ ಬಿಸಿಲಲ್ಲಿ ನಿಲ್ಲಬೇಕಾದವರು ಅವರು. ಹೈದರಾಬಾದಿನಲ್ಲಿ ಟ್ರಾಫಿಕ್ ಕಾನ್‌ಸ್ಟೇಬಲ್‌ಗಳೇ ಕಲ್ಲು, ಮಣ್ಣು ತಂದು ಗುಂಡಿ ಮುಚ್ಚಿದ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ.

2015ರಿಂದ ಗಮನ ನೆಲದ ರಸ್ತೆಯಿಂದ ಮೇಲ್ಸೇತುವೆಗೆ ಹೋಯಿತು. ಎಸ್‌ಆರ್‌ಡಿಪಿ ಎಂಬ ರಸ್ತೆ ಅಭಿವೃದ್ಧಿ ಯೋಜನೆಯನ್ನು ರಾಜ್ಯ ಸರ್ಕಾರ ರೂಪಿಸಿತು, ಕಾರ್ಪೊರೇಷನ್ ಜಾರಿಗೆ ತಂದಿತು. ಇದಕ್ಕಾಗಿ 2018ರ ಫೆಬ್ರವರಿಯಲ್ಲಿ ಕಾರ್ಪೊರೇಷನ್ ಶೇ. 8.9ರ ಬಡ್ಡಿಗೆ 200 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿತು. ಅದೇ ವರ್ಷ ಅಯ್ಯಪ್ಪ ಸೊಸೈಟಿ ಮತ್ತು ಮೈಂಡ್‌ಸ್ಪೇಸ್ ಅಂಡರ್‌ಪಾಸ್‌ಗಳೂ ಮೈಂಡ್‌ಸ್ಪೇಸ್ ಮೇಲ್ಸೇತುವೆಯೂ ತೆರೆದವು. ಮೆಟ್ರೋ 2019ರಲ್ಲಿ ಹೈಟೆಕ್ ಸಿಟಿಗೂ ರಾಯದುರ್ಗಕ್ಕೂ ಬಂದು ಅಲ್ಲೇ ನಿಂತಿತು, ಕೊಂಡಾಪುರ ಮುಟ್ಟಲಿಲ್ಲ. ಹಾಗಾಗಿ ಕೊಂಡಾಪುರದ ಪಾಲಿಗೆ ಬಂದದ್ದು ಸೇತುವೆಗಳೇ. 2023ರ ಜನವರಿ 1ರಂದು ಸುಮಾರು 263 ಕೋಟಿ ರೂಪಾಯಿಯ ಕೊತ್ತಗುಡ ಮೇಲ್ಸೇತುವೆ ತೆರೆಯಿತು. ಬೊಟಾನಿಕಲ್ ಗಾರ್ಡನ್, ಕೊತ್ತಗುಡ, ಕೊಂಡಾಪುರ ಜಂಕ್ಷನ್ನುಗಳ ತಲೆಯ ಮೇಲೆ ಹಾಯುವ ಇದರ ಮುಖ್ಯ ಭಾಗ ಎರಡು ಕಿಲೋಮೀಟರಿಗೂ ಉದ್ದ. ಮಸೀದ್‌ಬಂಡಾ ಕಡೆಯಿಂದ ಒಂದು ತೋಳು ಏರುತ್ತದೆ, ಹಫೀಜ್‌ಪೇಟದತ್ತ ಒಂದು ಇಳಿಯುತ್ತದೆ. 2025ರ ಜೂನ್ 28ರಂದು ಮುಖ್ಯಮಂತ್ರಿ ರೇವಂತ ರೆಡ್ಡಿ ಹೊರವರ್ತುಲ ರಸ್ತೆಯ ಕಡೆಯಿಂದ ಕೊಂಡಾಪುರಕ್ಕೆ ಬರುವ ಆರು ಪಥದ, 1.2 ಕಿ.ಮೀ. ಉದ್ದದ ಮೇಲ್ಸೇತುವೆಯನ್ನು ಉದ್ಘಾಟಿಸಿದರು, ವೆಚ್ಚ 182.72 ಕೋಟಿ ರೂಪಾಯಿ, ಅದಕ್ಕೆ ಇಟ್ಟದ್ದು ನಗರದ ಕಾಂಗ್ರೆಸ್ ನಾಯಕರಾಗಿದ್ದ ಪಿ. ಜನಾರ್ದನ ರೆಡ್ಡಿಯವರ ಹೆಸರು. ಮೇಲ್ಸೇತುವೆ ಜಂಕ್ಷನ್ ದಾಟಿಸುತ್ತದೆ, ಇಳಿಸುವುದು ಮಾತ್ರ ಮೊದಲಿದ್ದ ರಸ್ತೆಗೇ. ಇಳಿಜಾರಿನ ಬುಡದಲ್ಲಿ ಬಸ್ಸು ನಿಲ್ಲುವ ಜಾಗ, ಆಟೋ ನಿಲ್ಲುವ ಜಾಗ, ನಡೆದು ದಾಟುವವರ ಜಾಗ ಎಲ್ಲವನ್ನೂ ಮತ್ತೆ ಹೊಂದಿಸಬೇಕು. ಆ ಚಿಲ್ಲರೆ ಕೆಲಸಕ್ಕೆ ಉದ್ಘಾಟನೆ ಇರುವುದಿಲ್ಲ.

ಮುಖ್ಯರಸ್ತೆಗಳ ನಿರ್ವಹಣೆಯೂ ಇದೇ ಅವಧಿಯಲ್ಲಿ ಕೈ ಬದಲಾಯಿಸಿತು. 2019–20ರಲ್ಲಿ ಸಮಗ್ರ ರಸ್ತೆ ನಿರ್ವಹಣಾ ಕಾರ್ಯಕ್ರಮದಡಿ ನಗರದ ಸುಮಾರು 709 ಕಿ.ಮೀ. ಮುಖ್ಯರಸ್ತೆಯನ್ನು ಏಳು ಪ್ಯಾಕೇಜು ಮಾಡಿ, ಐದು ವರ್ಷಕ್ಕೆ, 1,839 ಕೋಟಿ ರೂಪಾಯಿಗೆ ಖಾಸಗಿ ಏಜೆನ್ಸಿಗಳಿಗೆ ಒಪ್ಪಿಸಲಾಯಿತು. ಡಾಂಬರು ಹಾಕಿ ಬಿಲ್ಲು ಪಡೆದು ಹೋಗುವ ಬದಲು, ಐದು ವರ್ಷ ರಸ್ತೆ ಸರಿಯಾಗಿ ಇಟ್ಟುಕೊಂಡರೆ ಹಣ ಎಂಬ ಲೆಕ್ಕ. ತತ್ತ್ವದಲ್ಲಿ ಇದು ಒಳ್ಳೆಯದೇ. ಗುಂಡಿ ಬಿದ್ದರೆ ಯಾರನ್ನು ಹಿಡಿಯಬೇಕೆಂದು ಗೊತ್ತಿರುತ್ತದೆ. ಒಳಬೀದಿಗಳು ಇದರ ಹೊರಗೆ ಉಳಿದವು. ಹೀಗಾಗಿ ಮುಖ್ಯರಸ್ತೆಯಲ್ಲಿ ನುಣುಪು, ಎಡಕ್ಕೆ ತಿರುಗಿದ ಕೂಡಲೇ ಕುಲುಕಾಟ ಎಂಬ ಅನುಭವ ನಗರದ ಎಷ್ಟೋ ಕಡೆ ಸಾಮಾನ್ಯವಾಯಿತು. ಸದಸ್ಯರ ದೃಷ್ಟಿಯಿಂದ ನೋಡಿದರೆ ಪ್ರಶ್ನೆ ಕೇಳುವ ಕ್ಷೇತ್ರವೇ ಕಿರಿದಾಯಿತು: ಅತಿ ಹೆಚ್ಚು ಜನ ಓಡಾಡುವ ರಸ್ತೆಯ ಸ್ಥಿತಿ ಆ ಐದು ವರ್ಷ ಕರಾರುಪತ್ರದ ಷರತ್ತಾಗಿತ್ತು.

ಮೇಲ್ವಿಚಾರಣೆಯನ್ನು ಕೆಳಗೆ ತರುವ ಪ್ರಯತ್ನವೂ ಒಮ್ಮೆ ಆಯಿತು. 2023ರ ಜೂನ್ 16ರಂದು ಎಲ್ಲ 150 ವಾರ್ಡುಗಳಲ್ಲಿ ವಾರ್ಡ್ ಕಚೇರಿಗಳು ಆರಂಭವಾದವು. ಎಂಜಿನಿಯರಿಂಗ್, ನೈರ್ಮಲ್ಯ, ನಗರಯೋಜನೆ ಮುಂತಾದ ವಿಭಾಗಗಳ ಸಿಬ್ಬಂದಿ ಒಂದೇ ಸೂರಿನಡಿ ಕೂರಬೇಕಿತ್ತು. ರಸ್ತೆಯ ದೂರಿಗೂ ಚರಂಡಿಯ ದೂರಿಗೂ ಒಂದೇ ಬಾಗಿಲು ಎಂಬುದು ಅದರ ಆಸೆ. ಟ್ರಾಫಿಕ್ ಪೊಲೀಸರಿಗೆ ಆ ಸೂರಿನಡಿ ಕುರ್ಚಿ ಇರಲಿಲ್ಲ. 2024ರ ಜುಲೈನಲ್ಲಿ ಹೈಡ್ರಾ ರಚನೆಯಾದ ಮೇಲೆ ರಸ್ತೆ, ನಾಲೆ, ಕೆರೆಗಳ ಒತ್ತುವರಿ ತೆರವು, ಮಳೆಯ ದಿನ ನಿಂತ ನೀರು ಹರಿಸುವ ಕೆಲಸಗಳಲ್ಲಿ ಇನ್ನೊಂದು ಸಂಸ್ಥೆ ಕೈಹಾಕಿತು. ಇದೂ ರಾಜ್ಯ ಸರ್ಕಾರದ ಅಂಗವೇ, ವಾರ್ಡಿನ ಸದಸ್ಯರಿಗೆ ಉತ್ತರ ಕೊಡಬೇಕಾದ ಸಂಸ್ಥೆಯಲ್ಲ.

2025ರ ಡಿಸೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ 27 ಪುರಸಭೆ ಮತ್ತು ನಗರಪಾಲಿಕೆಗಳನ್ನು ಗ್ರೇಟರ್ ಹೈದರಾಬಾದಿಗೆ ಸೇರಿಸಿ, ವಾರ್ಡುಗಳ ಸಂಖ್ಯೆಯನ್ನು 150ರಿಂದ 300ಕ್ಕೆ ಏರಿಸಲಾಯಿತು. ಬೆಂಗಳೂರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆಯನ್ನು ಐದಾಗಿ ಒಡೆದಿತ್ತು. ಹೈದರಾಬಾದ್ ಮೊದಲು ಹಿಗ್ಗುವ ದಾರಿ ಹಿಡಿಯಿತು. 2021ರ ಫೆಬ್ರವರಿಯಲ್ಲಿ ಗದ್ವಾಲ ವಿಜಯಲಕ್ಷ್ಮಿಯವರನ್ನು ಮೇಯರ್ ಆಗಿ ಆರಿಸಿದ್ದ ಸಭೆಯ ಐದು ವರ್ಷದ ಅವಧಿಯ ಕೊನೆಯ ತಿಂಗಳುಗಳವು. ವಾರ್ಡಿನ ಎಲ್ಲೆ, ಸರ್ಕಲ್, ವಲಯ ಎಲ್ಲವೂ ಮರುವಿಂಗಡಣೆಗೆ ಒಳಪಟ್ಟವು. ಕೊತ್ತಗುಡ ಜಂಕ್ಷನ್ನಿನಲ್ಲಿ ಯಾವ ತಿರುವು ತೆರೆಯಬೇಕು, ಯಾವುದು ಮುಚ್ಚಬೇಕು ಎಂಬ ಅಧಿಕಾರ ಆ ಮರುವಿಂಗಡಣೆಯ ವಿಷಯವಾಗಿರಲಿಲ್ಲ, ಅದು ಗಚ್ಚಿಬೌಲಿಯ ಪೊಲೀಸ್ ಕಮಿಷನರೇಟಿನಲ್ಲೇ ಉಳಿಯಿತು.